ಹನಿಗೂಡಿದರೆ ಬಿಲ್ಲು

ಕೊಡಗಿನ ನಮ್ಮೂರು ಬಾಳೆಲೆಯಲ್ಲಿ ನೀರು ಉಳಿಸುವವರು ಹೆಚ್ಚಿದ್ದಾರೆ. ಪೈಪು ಮಾರುವವರು ಸುಖವಾಗಿದ್ದಾರೆ.

ಮಾರ್ಚ್ ಬಂತೆಂದರೆ ನಮ್ಮ ಕಡೆ ಎರಡೇ ಮಾತು. ಮೊದಲನೆಯದು ಹೂಮಳೆ. "ನಿಮ್ಮಲ್ಲಿ ಎಷ್ಟು ಬಂತು?" "ನಲವತ್ತು ಸೆಂಟು." "ಪುಣ್ಯವಂತರು. ನಮ್ಮಲ್ಲಿ ಹನ್ನೆರಡೇ." ಕಾಫಿ ಹೂವಿನ ಮಳೆಯನ್ನು ನಾವು ಚಿನ್ನದಂತೆ ತೂಗುತ್ತೇವೆ, ಇಂಚಿನ ನೂರನೇ ಒಂದು ಭಾಗದ ತನಕ. ಎರಡನೆಯದು ಮನೆ ಮುಂದಿನ ಹೂದೋಟ. ಆಂಥೂರಿಯಂ ಬಾಡಿತು, ಗುಲಾಬಿ ಒಣಗಿತು, ಲಾನು ಹಳದಿಯಾಯಿತು. ಇಲ್ಲಿಗೆ ಬಂದಾಗ ಅಳತೆ ಮರೆತುಹೋಗುತ್ತದೆ. ದಿನಕ್ಕೆ ಎಷ್ಟು ನೀರು ಬಿಡುತ್ತೀರಿ ಎಂದು ಕೇಳಿ. "ಸಂಜೆ ಸ್ವಲ್ಪ ಬಿಡ್ತೇವೆ." ಸ್ವಲ್ಪ ಎಂದರೆ ಮೋಟಾರು ಹಾಕಿ ಟಿವಿ ಮುಂದೆ ಕೂತು ಧಾರಾವಾಹಿ ಮುಗಿಯುವ ತನಕ.

2023ರಲ್ಲಿ ಮನೆಗೆ ಪುಕ್ಕಟೆ ಕರೆಂಟು ಕೊಡುವ ಗೃಹಜ್ಯೋತಿ ಬಂತು. ಅಂದಿನಿಂದ ಆ ಮೋಟಾರನ್ನು ಆಫ್ ಮಾಡಲು ಏಳುವವರೂ ಇಲ್ಲ.

ಇಂಥವರೇ ಬೆಳಿಗ್ಗೆ ಎದ್ದು ಉಳಿತಾಯದ ಮಾತಾಡುತ್ತಾರೆ. ನಾನೂ ಆಡಿದ್ದೇನೆ. ಅದಕ್ಕೇ ಇಷ್ಟು ಸಿಟ್ಟು.

ಹೋದ ಬೇಸಿಗೆಯಲ್ಲಿ ಆನ್‌ಲೈನಿನಲ್ಲಿ ಹನಿ ನೀರಾವರಿ ಕಿಟ್ಟು ತರಿಸಿದೆ. ಮೂವತ್ತು ಗಿಡಕ್ಕೆ ಸಾಕೆಂದು ಡಬ್ಬದ ಮೇಲೆ ಬರೆದಿತ್ತು. ಪಕ್ಕದಲ್ಲಿ ನಗುವ ವಿದೇಶಿ ಹೆಂಗಸು, ಕೈಯಲ್ಲಿ ಟೊಮೆಟೊ. ಬೆಲೆಗೆ ಒಂದು ಗೀಟು, ಕೆಳಗೆ ಅದರ ಅರ್ಧ ಬೆಲೆ. ಗೀಟು ಹಾಕಿದ ಬೆಲೆಗೆ ಈ ಲೋಕದಲ್ಲಿ ಯಾರೂ ಯಾವತ್ತೂ ಏನನ್ನೂ ಕೊಂಡದ್ದಿಲ್ಲ. ಆದರೂ ಮೇಲಿನದರಲ್ಲಿ ಕೆಳಗಿನದನ್ನು ಕಳೆದು, ಉಳಿದದ್ದನ್ನು ಉಳಿತಾಯವೆಂದು ಮನೆಯಲ್ಲಿ ಹೇಳಿಕೊಂಡೆ. ಮನೆಯಲ್ಲಿ ಯಾರೂ ನಂಬಲಿಲ್ಲ. ನಾನು ನಂಬಿದೆ.

ಡಬ್ಬ ಬಿಚ್ಚಿದರೆ ಎಲ್ಲ ಇತ್ತು. ಸಣ್ಣ ಕಪ್ಪು ನಳಿಗೆ, ಕೆಂಪು ಟೋಪಿಯ ಡ್ರಿಪ್ಪರು, ಟೀ, ಎಲ್ಬೋ, ನೆಲಕ್ಕೆ ಚುಚ್ಚುವ ಗೂಟ. ಫಿಲ್ಟರ್ ಮಾತ್ರ ಇರಲಿಲ್ಲ.

ಡ್ರಿಪ್ಪಿನ ಪ್ರಾಣ ಇರುವುದೇ ಫಿಲ್ಟರಿನಲ್ಲಿ. ಗಂಟೆಗೆ 2 ಲೀಟರೋ 4 ಲೀಟರೋ ಬಿಡುವ ಡ್ರಿಪ್ಪರಿನ ಒಳದಾರಿ ಒಂದು ಮಿಲಿಮೀಟರಿನ ಆಸುಪಾಸು. ಒಂದು ಮರಳಿನ ಕಾಳು ಸಾಕು. ನಮ್ಮ ಬೋರ್‌ವೆಲ್ಲಿನ ನೀರನ್ನೋ, ರಾತ್ರಿ ಬಕೆಟಿನಲ್ಲಿ ಹಿಡಿದಿಟ್ಟರೆ ಬೆಳಿಗ್ಗೆ ತಳದಲ್ಲಿ ಕುಂಕುಮದ ಹಾಗೆ ಕೂತಿರುತ್ತದೆ. ಕಬ್ಬಿಣ. ಗಾಳಿ ತಾಗಿದ ಕೂಡಲೇ ತುಕ್ಕು. ಮೂರನೇ ವಾರಕ್ಕೆ ಅರ್ಧ ಡ್ರಿಪ್ಪರು ಕಟ್ಟಿದವು. ಉಳಿದರ್ಧಕ್ಕೆ ಪ್ರೆಷರ್ ಹೆಚ್ಚಾಗಿ ಟೋಪಿ ಹಾರಿತು. ಹೀಗೆ ಹದಿನೈದು ಗಿಡ ಒಣಗಿದವು, ಹದಿನೈದು ಗಿಡ ಕೊಳೆತವು. ಸಮಾನತೆ.

ಒಂದು ಭಾನುವಾರ ಬಟ್ಟೆಪಿನ್ನು ಹಿಡಿದು ಕುಕ್ಕರಗಾಲಲ್ಲಿ ಕೂತು ಒಂದೊಂದೇ ಡ್ರಿಪ್ಪರಿನ ಮೂಗು ಚುಚ್ಚುತ್ತಿದ್ದೆ. ಕೆಂಪು ಕೆಸರು ಉಗುರಿನ ಸಂದಿಗೆ ಹೋಗಿ ಮೂರು ದಿನ ಬಿಡಲಿಲ್ಲ. ಜಗಲಿಯಲ್ಲಿ ಕೂತಿದ್ದ ಅವ್ವ ಬಹಳ ಹೊತ್ತು ನೋಡಿದರು. ಆಮೇಲೆ ಹೇಳಿದರು: "ಇಷ್ಟು ಹೊತ್ತಲ್ಲಿ ಚೊಂಬಲ್ಲಿ ಹೊಯ್ದಿದ್ರೆ ಎರಡು ಸಲ ಮುಗೀತಿತ್ತಲ್ಲ ಮಗ."

ಫಿಲ್ಟರ್ ತರಲು ಗೋಣಿಕೊಪ್ಪಕ್ಕೆ ಹೋದೆ. ಫಿಲ್ಟರಿನ ಬಾಯಿ ಮುಕ್ಕಾಲು ಇಂಚು. ಕಿಟ್ಟಿನ ಬಾಯಿ ಯಾವ ದೇಶದ್ದೋ. ನಡುವೆ ಮೂರು ಜಾಯಿಂಟು, ಎರಡು ಕ್ಲಾಂಪು, ಒಂದು ಟ್ಯೂಬಿನ ತುಂಡು. ಆದರೂ ಕೂರಲಿಲ್ಲ. ಪೆಟ್ರೋಲು ಬೇರೆ. ಇಷ್ಟಾದರೂ ಹಳೇ ಲೆಕ್ಕದ ಪ್ರಕಾರ ನಾನಿನ್ನೂ ಉಳಿತಾಯದಲ್ಲೇ ಇದ್ದೆ.

ಅಂಗಡಿಯ ಕಥೆ ಬೇರೆಯೇ. "ಎಂತ ಪೈಪು ಬೇಕು ಸಾರ್? ಐಎಸ್‌ಐನದಾ, ಲೋಕಲ್ಲಾ?" "ವ್ಯತ್ಯಾಸ ಎಂತ?" "ರೇಟು ಸಾರ್." ಇಷ್ಟು ಪ್ರಾಮಾಣಿಕ ಉತ್ತರ ಕಚೇರಿಗಳಲ್ಲಿ ಸಿಗುವುದಿಲ್ಲ. ಹನಿ ನೀರಾವರಿಯ ಲ್ಯಾಟರಲ್ ಪೈಪಿಗೆ ಐಎಸ್ 12786 ಎಂಬ ಮಾನದಂಡವಿದೆ. ಪೈಪಿನ ಮೈಮೇಲೆಯೇ ಅಚ್ಚಾಗಿರುತ್ತದೆ. ಬಿಸಿಲಿಗೆ ಸಿಡಿಯದಿರಲೆಂದು ಪ್ಲಾಸ್ಟಿಕ್ಕಿನಲ್ಲಿ ನೂರಕ್ಕೆ ಎರಡೂವರೆಯಷ್ಟು ಕಾರ್ಬನ್ ಬ್ಲ್ಯಾಕ್ ಬೆರೆಸಿರುತ್ತಾರೆ. ಲೋಕಲ್ಲೂ ಕಪ್ಪೇ. ಆದರೆ ಅದು ಹಳೇ ಬಕೆಟು, ಹಳೇ ಕೊಡ, ಹಳೇ ಚಪ್ಪಲಿ ಎಲ್ಲ ಸೇರಿ ಕರಗಿದ ಕಪ್ಪು. ಕಿಲೋ ಲೆಕ್ಕದಲ್ಲಿ ತೂಗಿ ಕೊಡುತ್ತಾರೆ. ಎರಡು ಬೇಸಿಗೆಗೆ ಸಿಡಿಯುತ್ತದೆ. ಕಿಲೋ ಲೆಕ್ಕದಲ್ಲೇ ಗುಜರಿಗೆ ಹೋಗುತ್ತದೆ. ಕೊಳ್ಳುವಾಗಿನ ಕಿಲೋ ದರ ಬೇರೆ, ಗುಜರಿಯವನ ಕಿಲೋ ದರ ಬೇರೆ ಎಂಬುದನ್ನು ಮಾತ್ರ ಯಾರೂ ತೂಗಿ ನೋಡುವುದಿಲ್ಲ.

ನನ್ನ ಪಕ್ಕ ಒಬ್ಬರು ನಿಂತಿದ್ದರು. ಹೊರಗೆ ಅವರ ಹೊಸ ಜೀಪು, ಎಂಜಿನ್ ಚಾಲೂ, ಎಸಿ ಚಾಲೂ. ಒಳಗೆ ಅವರು ಎಂಡ್ ಕ್ಯಾಪಿಗೆ ಎರಡು ರೂಪಾಯಿ ಕಡಿಮೆ ಮಾಡೆಂದು ಹತ್ತು ನಿಮಿಷ ಜಗಳ. ಗೆದ್ದರು. ಆರು ಎಂಡ್ ಕ್ಯಾಪು, ಹನ್ನೆರಡು ರೂಪಾಯಿ. ಜೀಪು ಅಷ್ಟೊತ್ತಿಗೆ ಅದಕ್ಕಿಂತ ಹೆಚ್ಚು ಕುಡಿದಾಗಿತ್ತು.

ಸರ್ಕಾರಕ್ಕೂ ಕರುಣೆ ಉಂಟು. 2025ರ ಸೆಪ್ಟೆಂಬರ್ 22ರಿಂದ ಡ್ರಿಪ್ಪು, ಸ್ಪ್ರಿಂಕ್ಲರಿನ ಮೇಲಿನ ಜಿಎಸ್‌ಟಿ 12ರಿಂದ 5 ಪರ್ಸೆಂಟಿಗೆ ಇಳಿದಿದೆ. ಒಳ್ಳೆಯದು. ಆದರೆ ಆ ಡ್ರಿಪ್ಪಿನ ತನಕ ನೀರು ತರುವ ಪಿವಿಸಿ ಪೈಪಿಗೆ 18 ಹಾಗೇ ಉಳಿದಿದೆ. ಅಂದರೆ ಕೊನೆಯ ಹನಿ ಕೃಷಿ. ಅದಕ್ಕೆ ಮೊದಲಿನ ನೀರೆಲ್ಲ ಐಷಾರಾಮ.

ತೆರಿಗೆ ಇಳಿದ ವಾರ ಅಂಗಡಿಯಲ್ಲಿ ಕೇಳಿದೆ. "ಹಳೇ ಸ್ಟಾಕು ಸಾರ್." ತೆರಿಗೆ ಏರಿದ ವಾರ ಮಾತ್ರ ಯಾವ ಅಂಗಡಿಯಲ್ಲೂ ಹಳೇ ಸ್ಟಾಕು ಇರುವುದಿಲ್ಲ. ಇದನ್ನು ಯಾರಾದರೂ ಸಂಶೋಧನೆ ಮಾಡಬೇಕು.

ಇನ್ನು ಸಬ್ಸಿಡಿ. 2015ರಲ್ಲಿ ಪ್ರಧಾನಮಂತ್ರಿ ಕೃಷಿ ಸಿಂಚಾಯಿ ಯೋಜನೆ ಬಂತು. 'ಪರ್ ಡ್ರಾಪ್ ಮೋರ್ ಕ್ರಾಪ್', ಪ್ರತಿ ಹನಿಗೂ ಹೆಚ್ಚು ಬೆಳೆ, ಎಂದು ಅದಕ್ಕೊಂದು ಮಂತ್ರ. ನಮ್ಮ ರಾಜ್ಯ ತನ್ನ ಪಾಲನ್ನೂ ಸೇರಿಸಿ ಎರಡು ಹೆಕ್ಟೇರಿನ ತನಕ ಶೇಕಡಾ 90 ಸಹಾಯಧನ ಕೊಟ್ಟಿತು. ಕೈದೋಟಕ್ಕೆ ಇಲ್ಲ. ಐದು ಎಕರೆ ಇದ್ದವನಿಗೆ ಹತ್ತು ರೂಪಾಯಿಗೆ ಸಿಗುವ ಪೈಪು, ಐದು ಸೆಂಟು ಜಾಗದಲ್ಲಿ ಬದನೆ, ಬೆಂಡೆ ಬೆಳೆದು ತಿನ್ನುವವಳಿಗೆ ನೂರು ರೂಪಾಯಿ. ಕಡಿಮೆ ಇದ್ದವರು ಹೆಚ್ಚು ಕೊಡಬೇಕು, ಇದು ನಿಯಮ.

ಐದು ಎಕರೆ ಇದ್ದರೂ ಕೊಡಗಿನಲ್ಲಿ ಅಷ್ಟು ಸುಲಭವಲ್ಲ. ರೈತರ ನೋಂದಣಿಯ ಫ್ರೂಟ್ಸ್ ಐಡಿ ಬೇಕು. ಅದಕ್ಕೆ ಪಹಣಿ ಬೇಕು, ಪಹಣಿಯಲ್ಲಿ ಹೆಸರು ಬೇಕು, ಆ ಹೆಸರಿಗೆ ಆಧಾರ್ ಬೇಕು. ವಂಶಪಾರಂಪರ್ಯದ ಜಮ್ಮಾ ಆಸ್ತಿಯ ಪಹಣಿಯಲ್ಲಿ ಹೆಸರಿರುವುದು ಮುತ್ತಜ್ಜನದು. ಅವರು ಹೋಗಿ ಎಷ್ಟೋ ಕಾಲವಾಯಿತು. ಕಚೇರಿಯ ಕಂಪ್ಯೂಟರಿಗೆ ಈಗ ಅವರ ಹೆಬ್ಬೆಟ್ಟು ಬೇಕಾಗಿದೆ.

ಸಬ್ಸಿಡಿ ಸಿಕ್ಕವರೇನು ಮಾಡಿದರು? ನೋಡಿದ್ದೇನೆ. ಸಬ್ಸಿಡಿಯ ಲ್ಯಾಟರಲ್ ಪೈಪಿನಲ್ಲಿ ಕಾಫಿ ಕಣದ ಟಾರ್ಪಾಲು ಕಟ್ಟಿದ್ದನ್ನು ನೋಡಿದ್ದೇನೆ. ಕರು ಕಟ್ಟಿದ್ದನ್ನು ನೋಡಿದ್ದೇನೆ. ಕಾರ್ಮಿಕರ ಲೈನ್‌ಮನೆಯ ಮುಂದೆ ಅದನ್ನು ಎರಡು ಸಿಲ್ವರ್ ಓಕ್ ಮರಗಳ ನಡುವೆ ಎಳೆದು ಬಟ್ಟೆ ಒಣಹಾಕಿದ್ದರು. ಡ್ರಿಪ್ಪರು ಇರುವಲ್ಲಿ ಕ್ಲಿಪ್ಪು ಜಾರುವುದಿಲ್ಲವಂತೆ. ಪ್ರತಿ ಹನಿಗೂ ಹೆಚ್ಚು ಲುಂಗಿ.

ನಡುವೆ ಆನೆಯದ್ದೊಂದು ಪಾಲಿದೆ. ನಾಗರಹೊಳೆ ಕಾಡು ಪಕ್ಕದಲ್ಲೇ. ರಾತ್ರಿ ಬಂದು, ಹಲಸು ತಿಂದು, ಪೈಪಿನ ಮೇಲೆ ನಡೆದು ಹೋಗುತ್ತದೆ. ಅದು ಐಎಸ್‌ಐ, ಲೋಕಲ್ಲು ಎಂದು ಭೇದ ಮಾಡುವುದಿಲ್ಲ.

ಈಗ ನಿಜವಾದ ಅಸಹ್ಯಕ್ಕೆ ಬರೋಣ. ಅಂಗಳಕ್ಕೆ.

ಹತ್ತು ವರ್ಷದ ಹಿಂದೆ ಅಂಗಳವೆಂದರೆ ಮಣ್ಣು. ಈಗ ಇಂಟರ್‌ಲಾಕು. ಗೇಟಿನಿಂದ ಮೆಟ್ಟಿಲ ತನಕ ಇಂಟರ್‌ಲಾಕು, ಹಿತ್ತಿಲಲ್ಲೂ ಇಂಟರ್‌ಲಾಕು. ಕೆಸರು ಆಗಬಾರದಂತೆ. ಬಿದ್ದ ಮಳೆ ಕಾಲಿಗೆ ತಾಗದೆ ಚರಂಡಿಗೆ, ಚರಂಡಿಯಿಂದ ಗದ್ದೆಗೆ, ಗದ್ದೆಯಿಂದ ಲಕ್ಷ್ಮಣತೀರ್ಥಕ್ಕೆ. ಇರ್ಪುವಿನಿಂದ ಇಳಿದು ಬರುವ ಆ ಹೊಳೆ ಮಳೆಗಾಲದಲ್ಲಿ ಗದ್ದೆ ನುಂಗುತ್ತದೆ, ನಿಟ್ಟೂರಿನ ಕಡೆಯ ರಸ್ತೆ ನುಂಗುತ್ತದೆ. 2019ರ ಆಗಸ್ಟಿನಲ್ಲಿ ದಕ್ಷಿಣ ಕೊಡಗು ಅದನ್ನು ಕಣ್ಣಾರೆ ಕಂಡಿತು. ನಮ್ಮ ನೀರು ನಮ್ಮನ್ನು ಮುಳುಗಿಸಿ ಕೃಷ್ಣರಾಜಸಾಗರಕ್ಕೆ ಹೋಗುತ್ತದೆ. ಅಲ್ಲಿಂದ ಮುಂದೆ ಕೋರ್ಟಿಗೆ.

ಆರು ತಿಂಗಳು ಬಿಟ್ಟು ನಾವೇ ಬೋರ್‌ವೆಲ್ ಲಾರಿಗೆ ಫೋನು ಮಾಡುತ್ತೇವೆ. ಎಷ್ಟು ಅಡಿಗೆ ನೀರು ಸಿಕ್ಕೀತು ಎಂದು ತೆಂಗಿನಕಾಯಿ ಹಿಡಿದವನನ್ನು ಕರೆಸುತ್ತೇವೆ.

ಲೆಕ್ಕ ಹೇಳುತ್ತೇನೆ, ಸಿಟ್ಟು ಮಾಡಬೇಡಿ. ಸಾವಿರ ಚದರಡಿಯ ಮಾಡಿನ ಮೇಲೆ ಒಂದು ಇಂಚು ಮಳೆ ಬಿದ್ದರೆ 2,360 ಲೀಟರ್. ಸೋರಿದ್ದು, ಚೆಲ್ಲಿದ್ದು ಬಿಟ್ಟು ಎರಡು ಸಾವಿರವೆಂದೇ ಹಿಡಿಯಿರಿ. ಮೂವತ್ತು ಗಿಡಕ್ಕೆ ದಿನಕ್ಕೆ ನಾಲ್ಕು ಲೀಟರಿನಂತೆ 120 ಲೀಟರ್. ಅಂದರೆ ಒಂದು ಇಂಚಿಗೆ ಹದಿನಾರು ದಿನ. ಕಾಫಿಗೆ ಹೂಮಳೆ ಬಂತೇ ಎಂದು ಊರೆಲ್ಲ ಫೋನು ಮಾಡಿ ಕೇಳುತ್ತೀರಲ್ಲ, ಅದೇ ಮಳೆ ನಿಮ್ಮ ಮಾಡಿನ ಮೇಲೂ ಬಿದ್ದಿತ್ತು. ಒಂದು ದೋಣಿ, ಒಂದು ಜಾಲರಿ, ಎರಡು ಸಾವಿರ ಲೀಟರಿನ ಒಂದು ಟ್ಯಾಂಕು. ಕಬ್ಬಿಣವಿಲ್ಲ, ಕಸವಿಲ್ಲ, ಡ್ರಿಪ್ಪರು ಕಟ್ಟುವುದಿಲ್ಲ. ಟ್ಯಾಂಕನ್ನು ನಾಲ್ಕಡಿ ಎತ್ತರದ ಕಟ್ಟೆಯ ಮೇಲಿಟ್ಟರೆ ಮೋಟಾರೂ ಬೇಡ.

ಇದನ್ನು ಹೇಳಿದರೆ ಏನನ್ನುತ್ತಾರೆ ಗೊತ್ತೇ? "ಮನೆ ಮುಂದೆ ಟ್ಯಾಂಕು ಚೆನ್ನಾಗಿ ಕಾಣಲ್ಲ ಅಣ್ಣ."

ಚೆನ್ನಾಗಿ ಕಾಣುವುದೇನು? ಹೋಂಸ್ಟೇಯ ಲಾನು. ಗೇಟಿನಲ್ಲಿ 'ಪರಿಸರ ಸ್ನೇಹಿ' ಬೋರ್ಡು. ಬಚ್ಚಲಲ್ಲಿ 'ದಯವಿಟ್ಟು ನೀರು ಉಳಿಸಿ' ಸ್ಟಿಕ್ಕರು. ಹೊರಗೆ ಮಟಮಟ ಮಧ್ಯಾಹ್ನ ಹನ್ನೆರಡಕ್ಕೆ ಸ್ಪ್ರಿಂಕ್ಲರು. ಅರ್ಧ ನೀರು ಗಾಳಿಗೆ, ಕಾಲು ಭಾಗ ಕಾರಿಗೆ, ಉಳಿದದ್ದು ಹುಲ್ಲಿಗೆ. ಅತಿಥಿಗಳು ಎದ್ದು ಫೋಟೋ ತೆಗೆಯುವ ಹೊತ್ತು ಅದೇ. 2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರನ್ನು ಕೈದೋಟಕ್ಕೆ, ಕಾರು ತೊಳೆಯಲು ಬಳಸಿದರೆ 5,000 ರೂಪಾಯಿ ದಂಡವೆಂದಿತು. ತಮ್ಮ ಮನೆ ಮುಂದೆ ಹಾಗೆ ನೀರು ಬಿಟ್ಟರೆ ದಂಡ ಕಟ್ಟಬೇಕಾದವರು ಅದೇ ದುಡ್ಡನ್ನು ಒಂದು ರಾತ್ರಿಗೆ ಕೊಟ್ಟು, ಇಲ್ಲಿನ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದರು. ಪ್ರಕೃತಿಗೆ ಹತ್ತಿರವಾದೆವು ಎಂದು ಬರೆದು ಹೋದರು.

ಬರದ ವರ್ಷ ಹೊಳೆಗೆ ಪಂಪು ಇಡಬೇಡಿ ಎಂದು ಆದೇಶ ಬರುತ್ತದೆ. ಕಾಫಿಗೆ ಇಡಬೇಡಿ, ಗದ್ದೆಗೆ ಇಡಬೇಡಿ. ಲಾನಿನ ಹೆಸರನ್ನು ಆದೇಶದಲ್ಲಿ ಯಾರೂ ಎತ್ತುವುದಿಲ್ಲ. ಲಾನು ಬೆಳೆಯಲ್ಲವಲ್ಲ.

ನಲ್ಲಿಯ ವಿಷಯವೂ ಅಷ್ಟೇ. 2019ರಲ್ಲಿ ಘೋಷಿಸಿದ ಜಲಜೀವನ್ ಮಿಷನ್ನಿನ ಲೆಕ್ಕ ಒಬ್ಬರಿಗೆ ದಿನಕ್ಕೆ 55 ಲೀಟರ್. ಕುಡಿಯಲು, ಬೇಯಿಸಲು, ಮೀಯಲು, ತೊಳೆಯಲು, ಎಲ್ಲಕ್ಕೂ. ಮೊದಲ ಮನೆಯವರು ನಲ್ಲಿಗೆ ಹಸಿರು ಪೈಪು ಸಿಕ್ಕಿಸಿ ದಾಸವಾಳದ ಬುಡಕ್ಕೆ ಬಿಡುತ್ತಾರೆ. ಕೊನೆಯ ಮನೆಯ ನಲ್ಲಿ ಬುಸ್ ಎಂದು ಗಾಳಿ ಬಿಡುತ್ತದೆ. ಗ್ರಾಮಸಭೆಯಲ್ಲಿ ನೀರು ಬರುತ್ತಿಲ್ಲವೆಂದು ಎಲ್ಲರಿಗಿಂತ ಜೋರಾಗಿ ಕೂಗುವವರು ದಾಸವಾಳದವರೇ.

ಹನಿ ನೀರಾವರಿ ಹುಟ್ಟಿದ್ದು ಹೇಗೆಂದು ಗೊತ್ತಲ್ಲ? ಇಸ್ರೇಲಿನ ಸಿಮ್ಹಾ ಬ್ಲಾಸ್ ಎಂಬ ಎಂಜಿನಿಯರು ಒಂದು ಮರ ಮಾತ್ರ ಸುತ್ತಲಿನ ಮರಗಳಿಗಿಂತ ಎತ್ತರ ಬೆಳೆದದ್ದನ್ನು ಗಮನಿಸಿದ. ಬುಡ ನೋಡಿದರೆ ಪೈಪು ಸೋರುತ್ತಿತ್ತು. ಅವನು ಅದರ ಬೆನ್ನು ಹತ್ತಿದ. 1965ರಲ್ಲಿ ಹಟ್ಸೆರಿಮ್ ಎಂಬ ಕಿಬುಟ್ಜ್ (ಸಹಕಾರಿ ಹಳ್ಳಿ) ಅದನ್ನೇ ಕಂಪನಿ ಮಾಡಿತು, ನೆಟಾಫಿಮ್. ಇಂದು ಜಗತ್ತಿಗೆಲ್ಲ ಮಾರುತ್ತದೆ.

ಅಂಥ ಸೋರುವ ಪೈಪು ನಮ್ಮಲ್ಲೂ ಇದೆ. ಯಾವ ಪಂಚಾಯಿತಿಯದೆಂದು ಹೇಳುವುದಿಲ್ಲ. ನಿಮ್ಮೂರಲ್ಲೂ ಇರುವುದರಿಂದ ಹೇಳುವ ಅಗತ್ಯವೂ ಇಲ್ಲ. ರಸ್ತೆ ಬದಿಯ ಗೇಟ್ ವಾಲ್ವು, ವರ್ಷಗಳಿಂದ ತೊಟ್ಟಿಕ್ಕುತ್ತಿದೆ. ಅದರ ಸುತ್ತ ಮರದ ತಟ್ಟೆಯಷ್ಟು ಅಗಲದ ಕೆಸುವಿನ ಎಲೆ, ಏಪ್ರಿಲಿನಲ್ಲೂ ಕಡುಹಸಿರು. ಫಿಲ್ಟರಿಲ್ಲ, ಟೈಮರಿಲ್ಲ, ಜಿಎಸ್‌ಟಿ ಇಲ್ಲ. ಬ್ಲಾಸ್ ಕಂಪನಿಗೆ ದಾರಿ ಮಾಡಿಕೊಟ್ಟ. ನಾವು ಪತ್ರೊಡೆ ಮಾಡಿದೆವು. ದೂರು ಕೊಡೋಣವೆಂದರೆ ಪಕ್ಕದ ಮನೆಯಾಕೆ ತಡೆದರು. "ರಿಪೇರಿ ಮಾಡಿದ್ರೆ ಕೆಸು ಒಣಗ್ತದೆ."

ಇದೂ ಒಂದು ಉಳಿತಾಯವೇ.

ಎಲೆಗಳ ಕಥೆ ಹೇಳದಿದ್ದರೆ ನಿದ್ದೆ ಬಾರದು. ಮಾರ್ಚಿನಲ್ಲಿ ನಮ್ಮ ಕಡೆ ಬೆಳಿಗ್ಗೆ ಎದ್ದರೆ ಹೊಗೆ. ಅಂಗಳ ಗುಡಿಸಿ ತರಗೆಲೆಗೆ ಬೆಂಕಿ. ಹಲಸಿನ ಎಲೆ, ಹಾಲುವಾಣದ ಎಲೆ, ಸಿಲ್ವರ್ ಓಕಿನ ಎಲೆ, ಎಲ್ಲ ಬೂದಿ. ಬೆಂಕಿ ಆರಿದ ಮೇಲೆ ಪೇಟೆಗೆ ಹೋಗಿ ಮಲ್ಚಿಂಗ್ ಶೀಟು ತರುವುದು. ಅದು ನೆಲದ ತೇವ ಆರದಂತೆ ಮುಚ್ಚುತ್ತದಂತೆ. ಎಲೆ ಏನು ಮಾಡುತ್ತಿತ್ತು? ಕಾಫಿ ಸಿಪ್ಪೆ ರಾಶಿ ಬಿದ್ದಿರುವ ಊರಿಗೆ ಕೋಕೋಪೀಟಿನ ಇಟ್ಟಿಗೆ ಕೊರಿಯರಿನಲ್ಲಿ ಬರುತ್ತದೆ. ತೆಂಗಿನ ನಾರಿನ ಪುಡಿ, ಪ್ಲಾಸ್ಟಿಕ್ ಸುತ್ತಿ, ಮೇಲೆ 'ಆರ್ಗ್ಯಾನಿಕ್' ಎಂದು ಇಂಗ್ಲಿಷಿನಲ್ಲಿ. ಬುಡಕ್ಕೆ ಒಂದು ಗೇಣು ತರಗು ಹಾಕಿದರೆ ದಿನಾ ಹೊಯ್ಯುವ ನೀರನ್ನು ಎರಡು ದಿನಕ್ಕೊಮ್ಮೆ ಹೊಯ್ದರೆ ಸಾಕು. ಪುಕ್ಕಟೆ ಸಿಕ್ಕಿದ್ದನ್ನು ಸುಟ್ಟು, ದುಡ್ಡು ಕೊಟ್ಟದ್ದನ್ನು ಹಾಸುವ ಜಾಣತನಕ್ಕೆ ಫಲಪುಷ್ಪ ಪ್ರದರ್ಶನದಲ್ಲಿ ಬಹುಮಾನ ಬೇರೆ ಸಿಗುತ್ತದೆ.

ಅವ್ವ ತೋಟಕ್ಕೆಂದು ಒಂದು ಪೈಸೆ ಖರ್ಚು ಮಾಡಿದವರಲ್ಲ. ಬಾಯಿ ಮುಕ್ಕಾದ ಮಡಕೆಯನ್ನು ಬದನೆ ಸಾಲಿನ ನಡುವೆ ಕುತ್ತಿಗೆ ತನಕ ಹೂಳುತ್ತಿದ್ದರು. ಮೂರು ದಿನಕ್ಕೊಮ್ಮೆ ತುಂಬಿಸಿ ಮೇಲೆ ಚಪ್ಪಡಿ ಮುಚ್ಚುತ್ತಿದ್ದರು. ಅದು ತಾನೇ ಬೆವರಿ ಬೇರಿಗೆ ಕೊಡುತ್ತಿತ್ತು. ಅಕ್ಕಿ ತೊಳೆದ ನೀರು ಕರಿಬೇವಿಗೆ. ಬಚ್ಚಲ ನೀರು ಬಾಳೆಗೆ. ಹೋದ ವರ್ಷ ಅದೇ ಮಡಕೆಯಂಥದ್ದು ಆನ್‌ಲೈನಿನಲ್ಲಿ ಕಂಡಿತು. ಸ್ಪ್ಯಾನಿಷ್ ಹೆಸರು, 'ಓಯಾ' ಅಂತೆ. ಬೆಲೆ ನೋಡಿ ಅವ್ವನಿಗೆ ಹೇಳಲಿಲ್ಲ. ಅವರ ವಯಸ್ಸಿಗೆ ಆಗಿಬರುವುದಿಲ್ಲ.

ಊರ ಹೆಸರೇ ಬಾಳೆಲೆ. ಮದುವೆ ಊಟಕ್ಕೆ ಹಾಸುವುದು ಬಾಳೆಲೆ ಚಿತ್ರದ ಪೇಪರು. ಬಾಳೆ ಯಾಕೆ ನೆಡುವುದಿಲ್ಲವೆಂದರೆ "ನೀರೆಲ್ಲಿ ಅಣ್ಣ?" ಹಾಗೆ ಕೇಳಿದವರ ಬಚ್ಚಲ ನೀರು ಪೈಪಿನಲ್ಲಿ ನೇರ ಇಂಗುಗುಂಡಿಗೆ. ಅದರ ಮೇಲೆ ಇಂಟರ್‌ಲಾಕು.

ನಮ್ಮ ಬಚ್ಚಲ ಹಿಂದೆ ನಾಲ್ಕು ಬುಡ ಬಾಳೆ ಇದೆ. ಅವ್ವ ನೆಟ್ಟದ್ದು. ನಾನು ಡ್ರಿಪ್ಪರು ಚುಚ್ಚುತ್ತಿದ್ದ ವಾರವೇ ಒಂದು ಗೊನೆ ಹಾಕಿತು.

ಕಿಟ್ಟು ಅಟ್ಟದಲ್ಲಿದೆ. ಬೇಕಾದವರು ಬಂದು ಒಯ್ಯಬಹುದು. ಪುಕ್ಕಟೆ. ಫಿಲ್ಟರನ್ನೂ ಕೊಡುತ್ತೇನೆ. ಅದು ಅದಕ್ಕೆ ಕೂರುವುದಿಲ್ಲ.